ಎಲ್ಡನ್ ಪ್ರೀಬ್ ‘ಆಗಲ್ಲ’ ಅಂದದ್ದೆಲ್ಲ

ಹಾರ್ಲನ್ ಫೋರ್ಡ್ ಎಂಬ ಊರಿನಲ್ಲಿ ಎಲ್ಡನ್ ಪ್ರೀಬ್ ‘ಆಗಲ್ಲ’ ಅಂದ ಕೆಲಸ ಆಗದೆ ಉಳಿದದ್ದು ಯಾರಿಗೂ ನೆನಪಿಲ್ಲ. ಇದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವನ ಹೆಂಡತಿ ಆರ್ಲಿಸ್‌ಗೆ. ಆಗಿನ್ನೂ ಅವಳು ಹೆಂಡತಿಯಲ್ಲ, ಹತ್ತೊಂಬತ್ತರ ಹುಡುಗಿ. ಲೂಥರನ್ ಚರ್ಚಿನ ಹಿಂದಿನ ಅಂಗಳದಲ್ಲಿ ಕುಣಿತ ನಡೆಯುತ್ತಿತ್ತು, ಅವಳು ನಿಂಬೆ ಪಾನಕ ಹಂಚುತ್ತ ನಿಂತಿದ್ದಳು. ದೀಪದ ಕಂಬದಷ್ಟು ಉದ್ದದ ಹುಡುಗನೊಬ್ಬ ಎದುರಿಗೆ ಬಂದು, ಲೋಟ ತೆಗೆದುಕೊಂಡು, ಪಾನಕವನ್ನೇ ನೋಡುತ್ತ ಹೇಳಿದ.

“ನೀನು ನನ್ನ ಜೊತೆ ಕುಣಿಯಲ್ಲ.”

“ಕೇಳಿ ನೋಡು,” ಅಂದಳು ಆರ್ಲಿಸ್.

“ಕೇಳಿದ್ರೂ ಕುಣಿಯಲ್ಲ ಬಿಡು.”

ಕುಣಿದಳು. ಮದುವೆ ಆಗಲ್ಲ ಅಂದ, ಆದಳು. ನಮಗೆ ಮಕ್ಕಳಾಗಲ್ಲ ಅಂದ, ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಆಮೇಲೆ ಅವನು ಬಾಯಿ ತೆರೆದಾಗಲೆಲ್ಲ ಆರ್ಲಿಸ್ ಸ್ವಲ್ಪ ಎಚ್ಚರಿಕೆಯಿಂದ ಇರುವುದನ್ನು ಕಲಿತಳು.

ಎಲ್ಡನ್‌ನ ಅಪ್ಪ ಇದಕ್ಕೆ ತದ್ವಿರುದ್ಧವಾದ ಮನುಷ್ಯ. ಬಾಯಿ ಬಿಟ್ಟರೆ ಒಳ್ಳೆಯ ಮಾತೇ. ಆ ಕುಣಿತಕ್ಕೂ ಮುಂಚೆ, ಎಲ್ಡನ್ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಅವನು “ಈ ನೆಲ ನನ್ನ ಮರಿಮಕ್ಕಳ ಕಾಲಕ್ಕೂ ನಮ್ಮದೇ,” ಎಂದು ಮುಸುಕಿನ ಜೋಳದ ಹೊಲದ ಬದಿಯಲ್ಲಿ ನಿಂತು ಹೇಳಿದ ಮರುವರ್ಷವೇ ವಿದ್ಯುತ್ ಕಂಪನಿಯವರು ನಕ್ಷೆ ಹಿಡಿದುಕೊಂಡು ಬಂದರು. ಅಣು ಸ್ಥಾವರಕ್ಕೆ ತಣ್ಣೀರು ಬೇಕು, ನೀರಿಗೆ ಕೆರೆ ಬೇಕು, ಕೆರೆಗೆ ತಗ್ಗು ನೆಲ ಬೇಕು. ಪ್ರೀಬರ ಹೊಲದಷ್ಟು ತಗ್ಗು ನೆಲ ಸುತ್ತಮುತ್ತ ಇರಲಿಲ್ಲ. ಬೆಲೆ ನ್ಯಾಯವಾಗಿಯೇ ಕೊಟ್ಟರು. ಅಪ್ಪ ಊರೊಳಗೆ ಮನೆ ಕೊಂಡು, “ಇದೂ ಚೆನ್ನಾಗೇ ಇದೆ,” ಅಂದ. ಮಗ ಮಾತ್ರ ಅವತ್ತಿನಿಂದ ಯಾವುದನ್ನೂ ‘ಆಗುತ್ತೆ’ ಎಂದು ಹೇಳುವ ಗೋಜಿಗೆ ಹೋಗಲಿಲ್ಲ. ಈ ಕೆರೆ ತುಂಬಲ್ಲ ಅಂದ. ತುಂಬಿತು. ಪ್ಲಾಂಟ್ ಕಟ್ಟಿ ಮುಗಿಸಲ್ಲ ಅಂದ. ಮಾತು ಕೊಟ್ಟದ್ದಕ್ಕಿಂತ ವರ್ಷಗಟ್ಟಲೆ ತಡವಾಗಿ, ಲೆಕ್ಕವೆಲ್ಲ ಮೀರಿ ಹಣ ಸುರಿದು, ಅಂತೂ ಮುಗಿಸಿದರು. ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳಲ್ಲ ಅಂದ. ವಾಲ್ವುಗಳನ್ನು ಬಿಚ್ಚಿ ಜೋಡಿಸುವ ಕೆಲಸಕ್ಕೆ ಸೇರಿಸಿಕೊಂಡರು, ಬಾಗಿಲು ಮುಚ್ಚುವ ತನಕ ಬಿಡಲೇ ಇಲ್ಲ.

ಊರಿನವರು ಇದನ್ನು ಬಳಸಿಕೊಳ್ಳದೆ ಇರುತ್ತಾರೆಯೇ? ಶಾಲೆಯ ಬಾಸ್ಕೆಟ್‌ಬಾಲ್ ತಂಡ ಹೊರಗಿನ ಊರಿಗೆ ಹೋಗುವ ಮುಂಚೆ ತರಬೇತುದಾರ ಏನೋ ನೆಪ ಮಾಡಿಕೊಂಡು ಪ್ರೀಬರ ಮನೆ ಮುಂದೆ ಕಾರು ನಿಲ್ಲಿಸಿ, “ಏನನ್ನಿಸತ್ತೆ ಎಲ್ಡನ್?” ಎಂದು ಕೇಳಿ, “ಸೋಲ್ತಾರೆ” ಎಂದು ಕೇಳಿಸಿಕೊಂಡು, ನೆಮ್ಮದಿಯಿಂದ ಹೋಗುತ್ತಿದ್ದ. ಮಗಳ ಮದುವೆ ಗೊತ್ತು ಮಾಡಿದ ತಾಯಂದಿರು ಅವನ ಕೈಗೊಂದು ಕೇಕಿನ ಚೂರು ಕೊಟ್ಟು, ಈ ಜೋಡಿ ಬಾಳಲ್ಲ ಅನ್ನುವ ತನಕ ಪಕ್ಕದಿಂದ ಏಳುತ್ತಿರಲಿಲ್ಲ.

ಎಲ್ಡನ್ ಜೀವನದಲ್ಲಿ ಒಂದೇ ಒಂದು ಸಲ ‘ಆಗುತ್ತೆ’ ಅಂದ. ಸ್ಥಾವರದ ನೌಕರರೂ ಊರಿನವರೂ ಕೆರೆದಂಡೆಯಲ್ಲಿ ಸೇರಿ ಹಂದಿಮಾಂಸ ಸುಟ್ಟುಕೊಂಡು ತಿನ್ನುವ ಬೇಸಿಗೆಯ ಕೂಟ. ಎರಡು ಬಿಯರ್ ಹೊಟ್ಟೆಗೆ ಹೋಗಿತ್ತು. ಬೆಂಚಿನ ಮೇಲೆ ಹತ್ತಿ ನಿಂತು, “ಈ ಪ್ಲಾಂಟು ನನ್ನ ಮೊಮ್ಮಕ್ಕಳಿಗೂ ಪಿಂಚಣಿ ಕೊಡತ್ತೆ!” ಎಂದು ಕೂಗಿದ.

ಅವನ ಬಾಲ್ಯದ ಗೆಳೆಯ, ಜೋಳ ಬೆಳೆಯುವ ಮರ್ಲ್ ಡಿಟ್ಜ್, ಬಾಯಿಗೆ ಹೋಗುತ್ತಿದ್ದ ಫೋರ್ಕನ್ನು ತಟ್ಟೆಗೆ ಇಳಿಸಿದ. “ಏನಯ್ಯಾ ಮಾಡಿಬಿಟ್ಟೆ?” ಅಂದ.

ಮರುವರ್ಷ ಕಂಪನಿಯ ಪ್ರಕಟಣೆ ಬಂತು. ಬಂಡೆ ಒಡೆದು ಅನಿಲ ತೆಗೆಯುವ ವಿದ್ಯೆ ಬಂದು ಅನಿಲ ಮಣ್ಣಿನಷ್ಟು ಅಗ್ಗವಾಗಿದೆ, ಅದರಿಂದ ಮಾಡಿದ ಕರೆಂಟಿನ ಎದುರು ಅಣುವಿನ ಕರೆಂಟು ಮಾರುಕಟ್ಟೆಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಮುಚ್ಚುತ್ತೇವೆ. ಊರಿಗೆ ಅನಿಲದ ಲೆಕ್ಕ ಅರ್ಥವಾಗದೆ ಇಲ್ಲ. ಆದರೂ ಹಲವರು ಈಗಲೂ ಆ ಎರಡು ಬಿಯರನ್ನೇ ದೂರುತ್ತಾರೆ.

ಸ್ಥಾವರದ ಜೊತೆ ಮುಚ್ಚಿದ್ದು ಬಹಳ. ಶಾಲೆಯ ಈಜುಕೊಳ ಒಣಗಿತು, ಅದನ್ನು ತುಂಬಿಸಿದ್ದು ಸ್ಥಾವರದ ತೆರಿಗೆ. ಮುಖ್ಯ ಕೂಡುರಸ್ತೆಯಲ್ಲಿದ್ದ ಆರ್ಲಿಸಳ ಹೋಟೆಲೂ ಮುಚ್ಚಿತು. ಅದು ಸಣ್ಣ ಜಾಗವೇ. ಆದರೆ ಎರಡು ವರ್ಷಕ್ಕೊಮ್ಮೆ ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸಿದಾಗ ಊರಿಗೆ ಸಾವಿರ ಜನ ಬಂದು ಇಳಿಯುತ್ತಿದ್ದರು. ಅಲಬಾಮಾದ ಬೆಸುಗೆಯವರು, ಟೆಕ್ಸಾಸಿನ ಪೈಪಿನವರು. ಯಾರ ಮನೆಯ ಹಿತ್ತಲು ನೋಡಿದರೂ ಅವರು ಎಳೆದುಕೊಂಡು ಬಂದ ಒಂದು ಗಾಡಿಮನೆ. ಬೆಳಗಿನ ಪಾಳಿಗೆ ಹೋಗುವವರಿಗೆ ಕೋಳಿ ಕೂಗುವ ಮುಂಚೆ ಮೊಟ್ಟೆ, ಹುರಿದ ಹಂದಿಮಾಂಸದ ಬೇಕನ್, ಮೆತ್ತನೆಯ ಬನ್ನಿನಂಥ ಬಿಸ್ಕತ್ತಿನ ಮೇಲೆ ಗಟ್ಟಿ ಗ್ರೇವಿ. ಮರಳುವವರಿಗೆ ಹಣ್ಣು ತುಂಬಿ ಬೇಯಿಸಿದ ದುಂಡನೆಯ ಪೈ. ಆರ್ಲಿಸ್ ಒಲೆ ಮುಂದೆ, ಎಲ್ಡನ್ ತನ್ನ ಪಾಳಿ ಮುಗಿಸಿ ಬಂದು ಪಾತ್ರೆಗಳ ಮುಂದೆ. ಅಲ್ಲಿ ನಗು, ಬೈಗುಳ, ಗಲಾಟೆ, ಕಾಲಿಡಲು ಜಾಗವಿಲ್ಲ. ಬಾಗಿಲ ಮೇಲಿನ ಹಲಗೆಯನ್ನು ಎಲ್ಡನ್ನೇ ಬರೆದಿದ್ದ. ಬಿಳಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಆರ್ಲಿಸ್’. ಪಕ್ಕದಲ್ಲೊಂದು ಪೈ ಬರೆಯಲು ಹೋಗಿ ಗಾಡಿಯ ಚಕ್ರ ಬರೆದಿದ್ದ. ಹೊಸಬರು ಇದು ಟೈರ್ ಅಂಗಡಿಯೋ ಎಂದು ಒಳಗೆ ಇಣುಕುತ್ತಿದ್ದರು.

ಮುಚ್ಚಿದ ಮೇಲೂ ಆರ್ಲಿಸ್ ವಾರಕ್ಕೊಂದು ದಿನ ಬೀಗ ತೆಗೆದು ಒಳಗೆ ಹೋಗಿ, ಚಳಿಗೆ ಪೈಪು ಒಡೆಯದಿರಲಿ ಎಂದು ನಲ್ಲಿ ಬಿಟ್ಟು, ಮೇಜಿನ ಮೇಲೆ ತಲೆಕೆಳಗಾಗಿ ಕುಳಿತ ಕುರ್ಚಿಗಳ ಧೂಳು ಹೊಡೆದು ಬರುತ್ತಿದ್ದಳು. ಕಟ್ಟಡ ಚರ್ಚಿನದು. ಚರ್ಚಿನವರಿಗೂ ಬೇರೆ ಬಾಡಿಗೆದಾರರು ಸಿಕ್ಕಿರಲಿಲ್ಲ, ಸುಮ್ಮನಿದ್ದರು.

ಇನ್ನು ಕೆರೆ. ಸ್ಥಾವರ ಓಡುತ್ತಿದ್ದಷ್ಟು ಕಾಲವೂ ಯಂತ್ರಗಳನ್ನು ತಣಿಸಿ ಬಂದ ಬೆಚ್ಚನೆಯ ನೀರು ಕಾಲುವೆಯಲ್ಲಿ ಹರಿದು ಕೆರೆಗೆ ಸೇರುತ್ತಿತ್ತು. ಸುತ್ತಲಿನ ಕೊಳಗಳೆಲ್ಲ ಕಲ್ಲಾಗಿರುವ ಜನವರಿಯಲ್ಲೂ ನಮ್ಮೂರ ಗಂಡಸರು ದೋಣಿಯಲ್ಲಿ ಕುಳಿತು ಮೀನು ಹಿಡಿಯುತ್ತಿದ್ದರು. ಮುಚ್ಚಿದ ಮೊದಲ ಚಳಿಗಾಲಕ್ಕೆ ಕೆರೆ ಈ ದಡದಿಂದ ಆ ದಡಕ್ಕೆ ಹೆಪ್ಪುಗಟ್ಟಿತು. ಜನ ದಂಡೆಗೆ ಹೋಗಿ ಸತ್ತವರ ಮನೆಯಲ್ಲಿ ನಿಂತ ಹಾಗೆ ಟೋಪಿ ತೆಗೆದು ನಿಂತರು. ಎಲ್ಡನ್ ಅಷ್ಟು ಹೊತ್ತು ನಿಲ್ಲಲಿಲ್ಲ. ಮನೆಗೆ ಬಂದು, ಮರದ ಹಲಗೆಗಳನ್ನು ಹೊಡೆದು, ಗೂಡಂಗಡಿಯಷ್ಟು ದೊಡ್ಡ ಗೂಡು ಮಾಡಿ, ಒಳಗೆ ಅಪ್ಪನ ಕುರ್ಚಿ, ಸಣ್ಣ ಕಬ್ಬಿಣದ ಒಲೆ, ರೇಡಿಯೋ ಇಟ್ಟು, ಹಿಮಗಡ್ಡೆಯ ಮೇಲೆ ಎಳೆದುಕೊಂಡು ಹೋಗಿ, ಒಳಗೇ ಕುಳಿತು ಗಡ್ಡೆಗೆ ತೂತು ಕೊರೆದು ಗಾಳ ಬಿಟ್ಟ. ಗೂಡಿನ ಹಿಂಗೋಡೆಗೆ ಹಲಗೆ ಸಾಲದೆ ಹೋಟೆಲಿನ ಬೋರ್ಡನ್ನೇ ಬಿಚ್ಚಿ ಬಡಿದಿದ್ದ.

“ನನ್ನ ಬೋರ್ಡಿಗೆ ಮೊಳೆ ಹೊಡೆಯೋಕೆ ಕೈ ಹೇಗೆ ಬಂತು ನಿನಗೆ?” ಅಂದಳು ಆರ್ಲಿಸ್.

“ಸುಮ್ನೆ ಬಿದ್ದಿತ್ತಲ್ಲ.”

“ನೀನೂ ಸುಮ್ನೆ ಬಿದ್ದಿರ್ತೀಯ ಸೋಫಾದ ಮೇಲೆ. ನಿನಗೆ ಯಾರಾದ್ರೂ ಮೊಳೆ ಹೊಡೆದ್ರಾ?”

ಅವಳು ಎರಡು ದಿನ ಅವನ ಕಾಫಿಗೆ ಹಾಲು ಹಾಕಲಿಲ್ಲ. ಬಿಸಿನೀರು ನಿಂತ ಮೇಲೆ ಬೋರ್ಡಿಗೆ ತಾನೇ ಏನು ಬೆಲೆ ಎಂದು ಕೊನೆಗೆ ಅವಳೇ ಸುಮ್ಮನಾದಳು. ಹಾಗೆ ಏಳೆಂಟು ಚಳಿಗಾಲ ಕಳೆಯಿತು.

ಆಮೇಲೆ ಸುದ್ದಿ ಬಂತು. ಅದು ಮೊದಲು ಬಂದದ್ದು ಪೆಟ್ರೋಲ್ ಬಂಕಿಗೆ. ಹೋಟೆಲ್ ಹೋದ ಮೇಲೆ ಊರಿನ ಮುದುಕರ ಸಭೆ ಅಲ್ಲಿನ ಕಿಟಕಿ ಮೇಜಿಗೆ ಬಂದಿತ್ತು, ಕಾಗದದ ಲೋಟದಲ್ಲಿ ಕಾಫಿ, ರುಚಿ ಮಾತ್ರ ಲೋಟದ್ದು. ಅವತ್ತು ಆರ್ಲಿಸ್ ಹಾಲು ಕೊಳ್ಳಲು ಹೋಗಿದ್ದಳು. ಮರ್ಲ್ ಡಿಟ್ಜ್ ಕೈ ಆಡಿಸುತ್ತಿದ್ದ.

“ಮತ್ತೆ ತೆರೀತಾರಂತೆ! ಯಾವುದೋ ದೊಡ್ಡ ಕಂಪ್ಯೂಟರ್ ಕಂಪನಿ, ಇಪ್ಪತ್ತು ವರ್ಷದ ಕರೆಂಟು ಪೂರ್ತಿ ನಮಗೇ ಕೊಡಿ ಅಂತ ಬರೆದು ಕೊಟ್ಟಿದೆಯಂತೆ. ಯೋಚನೆ ಮಾಡೋ ಯಂತ್ರ ಮಾಡ್ತಾರಲ್ಲ, ಅದಕ್ಕೆ.”

“ಯೋಚನೆ ಮಾಡೋಕೆ ಒಂದು ರಿಯಾಕ್ಟರ್ ಬೇಕಾ?” ಅಂದ ಗಸ್ ವೊಯ್ಟೆಕ್. ಅವನು ಸ್ಥಾವರದ ಗೇಟಿನಲ್ಲಿ ಕಾವಲಿಗಿದ್ದವನು. “ನಮ್ಮ ಮರ್ಲ್ ಎಪ್ಪತ್ತು ವರ್ಷದಿಂದ ಬರೀ ಕಾಫಿ ಮೇಲೆ ಓಡ್ತಿದಾನೆ.”

“ಅದಕ್ಕೇ ಯೋಚನೆ ಬರ್ತಿಲ್ಲ,” ಅಂದ ಎಲ್ಡನ್. ಎಲ್ಲರೂ ಅವನ ಕಡೆ ತಿರುಗಿದರು. ಅವನು ಲೋಟ ಕೆಳಗಿಟ್ಟ. “ಅದು ಓಡಲ್ಲ ಕಣಯ್ಯ. ಮೊದಲನೇದು, ಜನ ಇಲ್ಲ. ಕಲಿತವರೆಲ್ಲ ದಿಕ್ಕಾಪಾಲಾದ್ರು. ಬಿಡಿಭಾಗ ಮಾಡ್ತಿದ್ದ ಕಾರ್ಖಾನೆಗಳಲ್ಲಿ ಈಗ ಜಿಮ್ ನಡೀತಿದೆ. ಇಂಧನ? ಯುರೇನಿಯಂ ಹದ ಮಾಡೋ ಕೆಲಸ ನಾವೇ ಕಲಿತು, ನಾವೇ ಮರೆತು, ಎಷ್ಟೋ ವರ್ಷ ರಷ್ಯಾದವರ ಹತ್ರ ಕೊಂಡ್ವಿ. ಈಗ ಅವರ ಮೇಲೆ ಸಿಟ್ಟು ಬಂದು ಬೇಡ ಅಂತ ಕಾನೂನು ಮಾಡಿದೀವಿ. ಇಲ್ಲಿ ಮಾಡೋಕೆ ಇನ್ನೂ ಒಲೆ ಹಚ್ತಾ ಇದೀವಿ. ಚೀನಾದವರು ಕೋಳಿಗೂಡು ಕಟ್ಟಿದ ಹಾಗೆ ಸಾಲಾಗಿ ಕಟ್ತಿದಾರೆ, ನಾವು ಒಂದು ಬೋಲ್ಟಿನ ಬಗ್ಗೆ ಹತ್ತು ವರ್ಷ ಮೀಟಿಂಗ್ ಮಾಡ್ತೀವಿ. ಅನಿಲದ ಬೆಲೆ ಇನ್ನೊಂದು ಸಲ ಕುಸಿದ್ರೆ, ಆ ಕಂಪ್ಯೂಟರ್ ಹುಡುಗರ ಮನಸ್ಸು ಬದಲಾದ್ರೆ, ಕಥೆ ಮುಗೀತು. ಓಡಲ್ಲ. ಬರೆದಿಟ್ಕೊಳ್ಳಿ.”

ಮರ್ಲ್ ಎದ್ದು ಬಂದು ಅವನ ಎರಡೂ ಕೈ ಹಿಡಿದು ಕುಲುಕಿದ. “ದೇವರು ಒಳ್ಳೇದು ಮಾಡ್ಲಿ ನಿನಗೆ!” ಗಸ್ ಎಲ್ಲರಿಗೂ ಡೋನಟ್ ತರಿಸಿದ. ಸಂಜೆಯ ಹೊತ್ತಿಗೆ ಎಲ್ಡನ್ ಪ್ರೀಬ್ ಓಡಲ್ಲ ಅಂದನಂತೆ ಎಂಬ ಶುಭವಾರ್ತೆ ಊರೆಲ್ಲ ಹಬ್ಬಿತ್ತು. ಇಬ್ಬರು ತಮ್ಮ ಮನೆ ಮಾರುವ ಬೋರ್ಡನ್ನು ಕಿತ್ತು ಒಳಗಿಟ್ಟರು.

ಹಾಲಿನ ಡಬ್ಬ ಹಿಡಿದು ನಿಂತಿದ್ದ ಆರ್ಲಿಸ್ ಮಾತ್ರ ನಗಲಿಲ್ಲ. ಅವಳಿಗೆ ತಲೆಕೆಳಗಾದ ಕುರ್ಚಿಗಳ ನೆನಪಾಗಿತ್ತು.

ಸೇಬು ಹಣ್ಣಾಗುವ ಕಾಲಕ್ಕೆ ಟಮೀಕಾ ರೌಲ್ಸ್ ಎಂಬ ಹೆಂಗಸು ಪ್ರೀಬರ ಬಾಗಿಲು ತಟ್ಟಿದಳು. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಧ್ವನಿ, ಸ್ಥಾವರವನ್ನು ಮತ್ತೆ ಎಬ್ಬಿಸಲು ಬಂದ ತಂಡದ ಮುಖ್ಯಸ್ಥರಲ್ಲಿ ಒಬ್ಬಳು. ಜಾರ್ಜಿಯಾದವಳು. ಅಲ್ಲಿ ಎರಡು ಹೊಸ ರಿಯಾಕ್ಟರ್ ಕಟ್ಟುವಾಗ ಕೆಲಸಕ್ಕೆ ಸೇರಿದವಳು, ಅವು ಓಡುವುದನ್ನು ನೋಡುವಷ್ಟರಲ್ಲಿ ತನ್ನ ಕೂದಲಿಗೆ ಬಣ್ಣ ಹಚ್ಚುವ ಹಾಗಾಯಿತು ಎಂದು ಅವಳೇ ಹೇಳಿಕೊಂಡು ನಕ್ಕಳು.

“ಮಿಸೆಸ್ ಪ್ರೀಬ್, ನಮ್ಮ ಜನ ಬೆಳಗಿನ ಪಾಳಿಗೆ ಬರೋ ಹೊತ್ತಿಗೆ ಈ ಊರಲ್ಲಿ ಒಂದು ಬಿಸಿ ಮೊಟ್ಟೆ ಸಿಗಲ್ಲ. ಮೆಷೀನಿಂದ ಬಿದ್ದ ಚಿಪ್ಸ್ ತಿಂದು ಬಂದವನ ಕೈಗೆ ನಾನು ರಿಯಾಕ್ಟರ್ ಕೊಡಬೇಕಾ? ನಿಮ್ಮ ಹೋಟೆಲ್ ವಿಷಯ ಅಲಬಾಮಾದ ಬೆಸುಗೆಯವರು ಈಗ್ಲೂ ಮಾತಾಡ್ತಾರೆ. ತೆರೀರಿ, ನೀವು.”

“ನನಗೆ ಅರವತ್ತೊಂಬತ್ತು ಕಣಮ್ಮ. ಮೊಣಕಾಲು ಹೇಳಿದ ಮಾತು ಕೇಳಲ್ಲ.”

“ನಮ್ಮ ಪ್ಲಾಂಟಿಗೂ ವಯಸ್ಸಾಗಿದೆ. ಅದನ್ನೇ ಎಬ್ಬಿಸ್ತಿಲ್ವಾ?”

ಆರ್ಲಿಸ್‌ಗೆ ನಗು ಬಂತು. ನಗು ಬಂದದ್ದೇ ತಪ್ಪಾಯಿತು, ಆಮೇಲೆ ಆಸೆಯೂ ಬಂತು. ಅದೇ ವಾರ ಚರ್ಚಿನ ಸಮಿತಿಯವರು ಬಂದು, ದೊಡ್ಡ ಊರಿನ ಬರ್ಗರ್ ಅಂಗಡಿಯವರು ಕೂಡುರಸ್ತೆಯ ಜಾಗ ಕೇಳುತ್ತಿದ್ದಾರೆ, ಫೆಬ್ರವರಿಯ ಕೊನೆಯ ಭಾನುವಾರದ ಒಳಗೆ ನೀನು ಹೂಂ ಅಂದರೆ ನಿನಗೆ, ಇಲ್ಲದಿದ್ದರೆ ಅವರಿಗೆ ಎಂದು ಹೇಳಿ ಹೋದರು.

ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಹಿಟ್ಟಿನ ಮೂಟೆ ಎತ್ತಬೇಕು, ಓವನ್ ಬಿಚ್ಚಿ ಸರಿಮಾಡಬೇಕು, ಪಾತ್ರೆ ತೊಳೆಯಬೇಕು. ಎಲ್ಡನ್ ಜೊತೆಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನೋ, “ಓಡದ ಪ್ಲಾಂಟಿಗೆ ಯಾರಿಗೆ ಬಡಿಸ್ತೀಯ?” ಎಂದು ಪತ್ರಿಕೆಯ ಹಿಂದೆ ಸೇರಿಕೊಂಡ. ಊರಿಗೆಲ್ಲ ಸಿಹಿಯಾದ ಆ ಮಾತು ಅವಳಿಗೊಬ್ಬಳಿಗೆ ಕಹಿಯಾಯಿತು. ಅವನು ಆಗಲ್ಲ ಅಂದದ್ದು ಆಗುತ್ತದೆ, ಸರಿ. ಆದರೆ ಹೆಂಡತಿಯ ಮುಖ ನೋಡಿಯೂ ಆಗಲ್ಲ ಅನ್ನುವ ಗಂಡನ ಜೊತೆ ಹಿಟ್ಟಿನ ಮೂಟೆ ಎತ್ತುವುದು ಹೇಗೆ?

ಎಲೆ ಉದುರುವ ಕಾಲಕ್ಕೆ ವಾಷಿಂಗ್ಟನ್ನಿನಿಂದ ನಿಯಂತ್ರಣ ಇಲಾಖೆಯವರು ಬಂದು ಶಾಲೆಯ ಆಟದ ಹಾಲಿನಲ್ಲಿ ಸಾರ್ವಜನಿಕ ಸಭೆ ಕರೆದರು. ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಮಾತಾಡಬಹುದು. ಬೇಡ ಎನ್ನುವವರು ಬಳಸಿ ಮುಗಿದರೂ ವಿಕಿರಣ ಬಿಡುವ ಸುಟ್ಟ ಇಂಧನವನ್ನು ಎಷ್ಟು ಕಾಲ ನಮ್ಮ ಹಿತ್ತಲಲ್ಲೇ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಉತ್ತರ ಹೇಳುವವರು ತಮ್ಮ ಶೂಗಳನ್ನು ನೋಡಿಕೊಂಡರು. ಬೇಕು ಎನ್ನುವವರು ಶಾಲೆಯ ಖಾಲಿ ಕೋಣೆಗಳನ್ನು ತೋರಿಸಿದರು. ಆಮೇಲೆ ಮರ್ಲ್ ಹಿಂದಿನ ಸಾಲಿನಿಂದ, “ಎಲ್ಡನ್! ಎಲ್ಡನ್ ಮಾತಾಡ್ಲಿ!” ಎಂದು ಕೂಗಿದ. ಹಾಲ್ ಪೂರ್ತಿ ಚಪ್ಪಾಳೆ. ಇವನಾರೋ ದೊಡ್ಡ ತಜ್ಞ ಇರಬೇಕು ಎಂದು ವಾಷಿಂಗ್ಟನ್ನಿನವರು ಪೆನ್ನು ತೆಗೆದರು.

ಎಲ್ಡನ್ ಮೈಕಿನ ಮುಂದೆ ನಿಂತ. ಎಲ್ಲರೂ ಮುಂದಕ್ಕೆ ಬಾಗಿದರು. ಒಂದೇ ಒಂದು ‘ಓಡಲ್ಲ’ ಸಾಕಿತ್ತು. ಅವನು ಜನರ ನಡುವೆ ಕುಳಿತಿದ್ದ ಆರ್ಲಿಸಳನ್ನು ನೋಡಿದ.

“ಈ ಕುರ್ಚಿಗಳು ತುಂಬಾ ತಣ್ಣಗಿವೆ,” ಅಂದ. ಹೋಗಿ ಕುಳಿತುಬಿಟ್ಟ.

ಕಾರಿನಲ್ಲಿ ಆರ್ಲಿಸ್ ಕೇಳಿದಳು. “ಯಾಕೆ ಹೇಳ್ಲಿಲ್ಲ?”

“ಗಂಟಲು ಕಟ್ಟಿತ್ತು.”

“ನನ್ನ ಹತ್ರ ಹೇಳುವಾಗ ಕಟ್ಟಲ್ಲ ನಿನ್ನ ಗಂಟಲು.”

ಅವನು ವೈಪರ್ ಹಾಕಿದ. ಮಳೆ ಇರಲಿಲ್ಲ.

ಮರುದಿನ ಊರಿಗೆ ದಿಗಿಲು ಹಿಡಿಯಿತು. ಅವನು ಓಡಲ್ಲ ಅನ್ನಲಿಲ್ಲ! ಹಾಗಾದರೆ ಓಡುತ್ತೆ ಅಂತ ಅಂದುಕೊಂಡಿದ್ದಾನೆ. ಅವನು ಹಾಗಂದುಕೊಂಡರೆ ಓಡುವುದುಂಟೇ? ಮರ್ಲ್ ಹಂದಿಮಾಂಸದ ದೊಡ್ಡ ಕಟ್ಟು ಹಿಡಿದು ಬಂದು ಎಲ್ಡನ್‌ನ ಅಡುಗೆಮನೆಯಲ್ಲಿ ನಿಂತ, ಕೈಮುಗಿಯುವುದೊಂದು ಬಾಕಿ.

“ಒಂದೇ ಮಾತು ಎಲ್ಡನ್. ಹಳೇ ಸ್ನೇಹಕ್ಕಾದ್ರೂ ಹೇಳು. ನನ್ನ ಮಗ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾನೆ.”

“ನಾನ್ಯಾಕೆ ಹೇಳ್ಬೇಕು? ನಾನೇನು ದೇವರಾ?”

“ದೇವರಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಚರ್ಚಿಗೆ ಹೋಗ್ತಿದ್ದೆ. ಹಂದಿಮಾಂಸವೂ ಉಳೀತಿತ್ತು.”

ಎಲ್ಡನ್ ಹೇಳಲಿಲ್ಲ. ಆದರೆ ಕ್ರಿಸ್‌ಮಸ್ಸಿನ ಹೊತ್ತಿಗೆ ಕೆರೆ ಗಟ್ಟಿಯಾದಾಗ ಅವನು ತನ್ನ ಗೂಡನ್ನು ಟಾರ್ಪಾಲಿನಲ್ಲಿ ಸುತ್ತಿ ಹಿಮಗಡ್ಡೆಯ ಮೇಲೆ ಎಳೆದುಕೊಂಡು ಹೋಗಿ, ಬೇರೆಯವರ ಗೂಡುಗಳಿರುವ ಕಡೆ ಬಿಟ್ಟು, ಸ್ಥಾವರದ ಕಾಲುವೆ ಕೆರೆಗೆ ಬಾಯಿ ತೆರೆಯುವ ಜಾಗದಲ್ಲೇ ನಿಲ್ಲಿಸಿದ. ಸ್ಥಾವರ ಓಡಿದರೆ ಬಿಸಿನೀರು ಮೊದಲು ಬರುವುದು ಅಲ್ಲಿಗೆ, ಗಡ್ಡೆ ಮೊದಲು ಕರಗುವುದೂ ಅಲ್ಲೇ. ಊರು ನಿಟ್ಟುಸಿರು ಬಿಟ್ಟಿತು. ಬಾಯಲ್ಲಿ ಹೇಳದಿದ್ದರೇನು, ಓಡಲ್ಲ ಅಂತ ಗೂಡು ಹೇಳುತ್ತಿದೆಯಲ್ಲ! ಗಸ್ ವೊಯ್ಟೆಕ್ ದಂಡೆಯಲ್ಲಿ ನಿಂತು ಗೂಡಿಗೆ ಸಲಾಮು ಹೊಡೆದ. ಕಂಪನಿಯವರು ತೆಳು ಗಡ್ಡೆ, ಕಾಲಿಡಬೇಡಿ ಎಂದು ಫಲಕ ನೆಟ್ಟರು. ಮೀನುಗಾರಿಕೆಯ ಕಾವಲು ಅಧಿಕಾರಿ ಬಂದು ಗೂಡು ತೆಗೆಯಿರಿ ಎಂದು ಗದರಿದ. “ನಾಳೆ ತೆಗೀತೀನಿ,” ಅಂದ ಎಲ್ಡನ್. ಅವನ ನಾಳೆಗಳ ವಿಷಯ ಆ ಅಧಿಕಾರಿಗೆ ಗೊತ್ತಿರಲಿಲ್ಲ, ಪಾಪ, ಹೊಸಬ.

ಆರ್ಲಿಸ್‌ಗೆ ಗೂಡಿನ ಭಾಷೆಯೂ ಸಾಕಾಗಿತ್ತು. ಫೆಬ್ರವರಿ ಮುಗಿಯುತ್ತ ಬಂದಿತ್ತು. ಶುಕ್ರವಾರ ತಿಂಡಿಯ ಹೊತ್ತಿಗೆ ಅವಳು ಅವನ ಪತ್ರಿಕೆಯನ್ನು ಕೆಳಕ್ಕೆ ಎಳೆದಳು.

“ನಾಡಿದ್ದು ಚರ್ಚಿಗೆ ಉತ್ತರ ಹೇಳ್ಬೇಕು. ನನಗೆ ನಿನ್ನ ಭವಿಷ್ಯ ಬೇಡ, ರಷ್ಯಾ ಬೇಡ, ಅನಿಲದ ಬೆಲೆ ಬೇಡ. ನೀನು ನನ್ನ ಜೊತೆ ಬರ್ತೀಯಾ, ಬರಲ್ವಾ?”

ಅವನು ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಹಚ್ಚುತ್ತ ಅಂಚಿನ ತನಕ ಹೋದ. “ಇನ್ನೊಂದು ಎರಡು ದಿನ ತಡಿ,” ಅಂದ.

“ಎರಡು ದಿನಕ್ಕೆ ಏನಾಗತ್ತೆ?”

“ಏನೂ ಆಗಲ್ಲ,” ಅಂದ ಎಲ್ಡನ್.

ಮರುದಿನ ಬೆಳಗ್ಗೆ ಕೆರೆಯ ಮೇಲೆ ಮಂಜು ಎದ್ದಿತ್ತು. ಬರೀ ಮಂಜಲ್ಲ, ಬಿಸಿನೀರಿನ ಪಾತ್ರೆಯ ಮೇಲೆ ಆಡುವಂಥ ಬೆಳ್ಳಗಿನ ಆವಿ. ಎಷ್ಟೋ ವರ್ಷ ಅದನ್ನು ನೋಡಿ ಬೆಳೆದ ಊರು, ಗುರುತು ಹಿಡಿಯುವುದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಜನ ಮಲಗುವ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು ದಂಡೆಗೆ ಓಡಿದರು. ರಿಯಾಕ್ಟರ್ ಎದ್ದಿದೆ, ಮೊದಲ ಹಬೆಯನ್ನು ತಣಿಸುತ್ತಿದ್ದಾರೆ, ಕರೆಂಟು ಇನ್ನು ಕೆಲವೇ ದಿನ ಎಂದು ಪಾಳಿ ಮುಗಿಸಿ ಬಂದ ಟಮೀಕಾ ಹೇಳುತ್ತಿದ್ದಳು. ಕೇಳುವವರು ಯಾರು? ಎಲ್ಲರ ಕಣ್ಣೂ ಗೂಡಿನ ಮೇಲೆ. ಅದರ ಸುತ್ತ ಗಡ್ಡೆ ಕಪ್ಪಾಗಿತ್ತು.

ಗೂಡು ಮೊದಲು ಒಂದು ಕಡೆಗೆ ವಾಲಿತು, ಕುಡಿದವನು ಗೋಡೆ ಹುಡುಕುವ ಹಾಗೆ. ಟಾರ್ಪಾಲು ಜಾರಿ ಬಿತ್ತು. ಆಮೇಲೆ ಬಾಗಿಲು ತಾನೇ ತೆರೆದುಕೊಂಡಿತು, ಗೂಡು ನಮಸ್ಕಾರ ಮಾಡಿ, ಸೊಂಟದ ತನಕ ಇಳಿದು ನಿಂತಿತು. ಊರು ಹುಚ್ಚೆದ್ದು ಕೂಗಿತು. ಮರ್ಲ್ ಕುಣಿಯುತ್ತಿದ್ದ, ಅವನ ವಯಸ್ಸಿಗೆ ತಕ್ಕದ್ದಲ್ಲ. ಎಲ್ಡನ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತ ನಿಂತಿದ್ದ.

ಆರ್ಲಿಸಳ ಕಣ್ಣು ಬೋರ್ಡನ್ನು ಹುಡುಕುತ್ತಿತ್ತು. ನನ್ನ ಹೆಸರು ನೀರಿಗೆ ಹೋಯಿತಲ್ಲ ಎಂದು ಅವಳು ದಂಡೆಯ ಅಂಚಿಗೆ ಬಂದು ನಿಂತಳು. ಗೂಡು ನಿಧಾನವಾಗಿ ತಿರುಗಿ ತನ್ನ ಬೆನ್ನು ತೋರಿಸಿತು. ಹಿಂಗೋಡೆಯಲ್ಲಿ ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಬರೀ ಹೊಸ ಪ್ಲೈವುಡ್. ಮಾಡಿನಲ್ಲಿ ಒಲೆಯ ಹೊಗೆಕೊಳವೆಯೂ ಇರಲಿಲ್ಲ. ತಿರುಗುವ ಮುಂಚೆ ತೆರೆದ ಬಾಗಿಲಲ್ಲೂ ಎಲ್ಡನ್‌ನ ಅಪ್ಪನ ಕುರ್ಚಿ ಕಂಡಿರಲಿಲ್ಲ.

ಅವಳು ಯಾರಿಗೂ ಹೇಳದೆ ಮನೆಗೆ ನಡೆದಳು. ಕಾರು ನಿಲ್ಲಿಸುವ ಷೆಡ್ಡಿನ ಮೂಲೆಯಲ್ಲಿ ಹಳೆಯ ಕಂಬಳಿ ಎತ್ತಿ ನೋಡಿದರೆ ಕುರ್ಚಿ, ಒಲೆ, ರೇಡಿಯೋ, ಮೂರೂ ಸಂಸಾರಸಮೇತ ಕುಳಿತಿದ್ದವು. ಅವುಗಳ ಹಿಂದೆ ಗೋಡೆಗೆ ಒರಗಿಸಿ ಬೋರ್ಡು. ಮೊಳೆಯ ತೂತುಗಳನ್ನೆಲ್ಲ ಮುಚ್ಚಿ, ಉಜ್ಜಿ, ಹೊಸದಾಗಿ ಬರೆದಿದ್ದ. ಬಣ್ಣ ಎಂದೋ ಒಣಗಿತ್ತು. ಪೈ ಈ ಸಲವೂ ಚಕ್ರವೇ. ಆದರೆ ಚಕ್ರದ ಮೇಲೆ ಮೂರು ಗೆರೆ ಆವಿ ಎಳೆದಿದ್ದ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಎಲ್ಡನ್ ಬಾಗಿಲಲ್ಲಿ ನಿಂತಿದ್ದ.

“ಯಾವಾಗ ಬರೆದೆ ಇದನ್ನ?” ಅಂದಳು ಆರ್ಲಿಸ್.

“ಆ ಜಾರ್ಜಿಯಾದ ಹುಡುಗಿ ಬಂದು ಹೋದ ವಾರ.”

“ಹಾಗಾದ್ರೆ ಆವತ್ತಿಂದ ನನ್ನ ಮುಖಕ್ಕೆ ಆಗಲ್ಲ ಆಗಲ್ಲ ಅಂತಿದ್ದೆಯಲ್ಲ!”

ಅವನು ಟೋಪಿ ತೆಗೆದು ಒಳಗೆ ಏನೋ ಬರೆದಿದೆಯೋ ಎಂಬಂತೆ ನೋಡಿದ. “ಒಂದ್ಸಲ ಆಗತ್ತೆ ಅಂದಿದ್ದೆ. ಬೆಂಚಿನ ಮೇಲೆ ನಿಂತು. ಏನಾಯ್ತು ನೋಡಿದೀಯಲ್ಲ. ನನಗೆ ಬೇಕಾಗಿದ್ದು ಯಾವುದನ್ನೂ ಆಮೇಲೆ ನಾನು ಬಾಯಿಬಿಟ್ಟು ಕೇಳಿಲ್ಲ ಆರ್ಲಿಸ್.”

“ಆ ಹಾಲಲ್ಲಿ ಮೈಕಿನ ಮುಂದೆ?”

“ಅಲ್ಲಿ ನಿನ್ನ ಮುಖ ನೋಡಿದೆ. ಓಡಲ್ಲ ಅಂದ್ರೆ ನೀನು ಅಳ್ತಿದ್ದೆ. ಓಡತ್ತೆ ಅಂದ್ರೆ ಊರು ಅಳ್ತಿತ್ತು. ಅದಕ್ಕೇ ಕುರ್ಚಿ ವಿಷಯ ಹೇಳಿದೆ. ಕುರ್ಚಿಗಳು ನಿಜವಾಗ್ಲೂ ತಣ್ಣಗಿದ್ವು.”

ಆರ್ಲಿಸ್ ಕಂಬಳಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಪಾನಕದ ಲೋಟ ಹಿಡಿದು ನಿಂತಿದ್ದ ಹುಡುಗ ಇಷ್ಟು ವರ್ಷವೂ ಅವಳ ಹತ್ತಿರ ಬರೀ ಆಸೆಗಳನ್ನೇ ಹೇಳಿಕೊಂಡು ಬಂದಿದ್ದ. ಅವಳು ಅದನ್ನು ಗೊಣಗಾಟ ಅಂದುಕೊಂಡಿದ್ದಳು.

“ಒಂದು ಮೀನಿನ ಗೂಡು ಹಾಳು ಮಾಡಿದೆ,” ಅಂದಳು.

“ಅದು ಓಡೋಕೆ ಯಾರಾದ್ರೂ ಏನಾದ್ರೂ ಕೊಡಬೇಕಿತ್ತಲ್ಲ,” ಅಂದ ಅವನು.

ಗೂಡಿಗಾಗಿ ಅವನು ಕಾವಲು ಅಧಿಕಾರಿಗೆ ದಂಡ ಕಟ್ಟಿದ. ಮರ್ಲ್ ತನ್ನ ಟ್ರ್ಯಾಕ್ಟರಿನಿಂದ ಅದನ್ನು ಎಳೆದು ದಂಡೆಗೆ ಹಾಕಿದ, ಅದೂ ಊರಿನ ಇನ್ನೊಂದು ಮೆರವಣಿಗೆಯಾಯಿತು. ಭಾನುವಾರ ಚರ್ಚಿನಲ್ಲಿ ಆರ್ಲಿಸ್ ಹೂಂ ಅಂದಳು. ಬರ್ಗರಿನವರು ಹೆದ್ದಾರಿಯ ಕಡೆ ಜಾಗ ನೋಡಿಕೊಂಡರು, ಅವರಿಗೇನು, ಎಲ್ಲಿ ಬೇಕಾದರೂ ಬೇಯಿಸುತ್ತಾರೆ.

ಮಾರ್ಚಿನ ಒಂದು ಬೆಳಗ್ಗೆ ಎಲ್ಡನ್ ಕೂಡುರಸ್ತೆಯಲ್ಲಿ ಏಣಿ ಹತ್ತಿ ನಿಂತಿದ್ದ. ಕೆಳಗೆ ಏಣಿ ಹಿಡಿದು ಆರ್ಲಿಸ್. ಒಳಗೆ ಕುರ್ಚಿಗಳು ನೆಲಕ್ಕೆ ಇಳಿದಿದ್ದವು. ಓವನ್ನಿನಿಂದ ಸೇಬು ಮತ್ತು ದಾಲ್ಚಿನ್ನಿಯ ವಾಸನೆ ಬೀದಿಗೆ ಬಂದಿತ್ತು, ಪಾಳಿ ಬಿಟ್ಟು ಬಂದ ಟಮೀಕಾಳ ಜನ ಬಾಗಿಲು ತೆರೆಯಲಿ ಎಂದು ಕಾಲು ಕುಟ್ಟುತ್ತ ನಿಂತಿದ್ದರು.

“ಈ ಇಪ್ಪತ್ತು ವರ್ಷದ ಕರಾರು ಇಪ್ಪತ್ತು ವರ್ಷ ಬಾಳಲ್ಲ,” ಅಂದ ಎಲ್ಡನ್ ಮೇಲಿನಿಂದ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. “ಅನಿಲ ಮತ್ತೆ ಇಳಿಯತ್ತೆ. ಆ ಯೋಚನೆ ಮಾಡೋ ಯಂತ್ರಕ್ಕೂ ಒಂದಿನ ಬೇಜಾರಾಗತ್ತೆ.”

“ಇನ್ನೂ ಸ್ವಲ್ಪ ಜೋರಾಗಿ ಹೇಳಿ, ಮಿಸ್ಟರ್ ಪ್ರೀಬ್!” ಎಂದು ಟಮೀಕಾ ಕೂಗಿದಳು. ಊರಿಗೆ ಬಂದು ಆರು ತಿಂಗಳಾಗಿತ್ತು, ಅವಳೂ ಕಲಿತಿದ್ದಳು.

ಎಲ್ಡನ್ ಬೋರ್ಡಿನ ಮೂಲೆಗೆ ಕೊನೆಯ ಮೊಳೆ ಇಟ್ಟು ಸುತ್ತಿಗೆ ಎತ್ತಿದ.

“ಈ ಮೊಳೆ ನಿಲ್ಲಲ್ಲ.”

“ಹೊಡಿ,” ಅಂದಳು ಆರ್ಲಿಸ್.